ಚೀಲ ಹತ್ತಿದ ಕೂಸು

ನಾನು ಕೆಲಸಕ್ಕೆ ಸೇರಿದ ಹೊಸತು. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಒಂದು ದಿನ ವಿಜ್ಞಾನದ ಮಾಸ್ತರರು ರಜೆ ಹಾಕಿದ್ದರಿಂದ ಐದನೆಯ ತರಗತಿಗೆ ನನ್ನನ್ನು ಕಳಿಸಿದರು. ನಾನು ಬಿ.ಎ.ಯಲ್ಲಿ ಓದಿದ್ದು ಇತಿಹಾಸ. ಪಾಠವೋ ದೇಶದೇಶದ ಪ್ರಾಣಿಗಳದ್ದು. ಹೆದರದೆ ಕರಿಹಲಗೆಯ ಮೇಲೆ ಕಾಂಗರೂ ಬರೆಯಲು ಶುರುಮಾಡಿದೆ. ಮುಖ ಕತ್ತೆಯದಾಯಿತು, ಬಾಲ ಒನಕೆಯಾಯಿತು. ಹೊಟ್ಟೆಯ ಮೇಲಿನ ಚೀಲ ಮತ್ತು ಅದರಿಂದ ಇಣುಕುವ ಮರಿ ಮಾತ್ರ ಚೆನ್ನಾಗಿ ಬಂದವು. ಮಕ್ಕಳಿಗೆ ಬಹಳ ಖುಷಿ. ಭಾಗ್ಯನಗರದ ನೇಕಾರರ ಮನೆಯ ಹುಡುಗಿಯೊಬ್ಬಳು, ಮೂರನೆಯ ಸಾಲಿನಲ್ಲಿ ಕೂಡುತ್ತಿದ್ದವಳು, ಎದ್ದು ನಿಂತು ಕೇಳಿದಳು:

"ಟೀಚರ್ರೀ, ಮರಿ ಹುಟ್ಟೂದು ಹೊಟ್ಟಿ ಒಳಗಿಂದ. ಚೀಲ ಇರೂದು ಹೊಟ್ಟಿ ಹೊರಗ. ಒಳಗಿಂದು ಹೊರಗಿನ ಚೀಲಕ್ಕ ಹೆಂಗ ಬರತೈತ್ರೀ?"

ಒಳ್ಳೆಯ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಗೆ 'ಗೊತ್ತಿಲ್ಲ' ಎನ್ನುವ ಧೈರ್ಯ ಎಲ್ಲಿಂದ ಬರಬೇಕು? "ಬೆಕ್ಕು ತನ್ನ ಮರೀನ ಬಾಯಾಗ ಹಿಡಕೊಂಡು ಒಯ್ಯತೈತಲ್ಲ, ಹಂಗ ತಾಯಿ ಬಾಯಾಗ ಎತ್ತಿ ಚೀಲದಾಗ ಇಟಗೊಂತೈತಿ" ಎಂದುಬಿಟ್ಟೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಎಲ್ಲಿಯೋ ಓದಿದ್ದನ್ನು ನೆನಪು ಮಾಡಿಕೊಂಡು, ಬಿಳಿಯರು ಆ ದೇಶಕ್ಕೆ ಹೋದಾಗ ಈ ಪ್ರಾಣಿಯ ಹೆಸರೇನೆಂದು ಅಲ್ಲಿಯವರನ್ನು ಕೇಳಿದರೆಂದೂ, ಅವರು 'ನೀವು ಹೇಳುವುದು ತಿಳಿಯುತ್ತಿಲ್ಲ' ಎಂಬರ್ಥದಲ್ಲಿ 'ಕಾಂಗರೂ' ಎಂದರೆಂದೂ, ಅದೇ ಹೆಸರಾಗಿ ಉಳಿಯಿತೆಂದೂ ಸೇರಿಸಿದೆ. ಮಕ್ಕಳು ನಕ್ಕರು. ಗಂಟೆ ಹೊಡೆಯಿತು. ಆಮೇಲೆ ಎಷ್ಟೋ ವರ್ಷ ಎಷ್ಟೋ ತರಗತಿಗಳಿಗೆ ಇವೆರಡನ್ನೂ ಹೇಳಿದೆ. ಎರಡೂ ತಪ್ಪು.

ಆ ತಪ್ಪು ಗೊತ್ತಾದದ್ದು 2019ರಲ್ಲಿ, ಅದೂ ಪುಸ್ತಕದಿಂದಲ್ಲ. ನನ್ನ ತಂಗಿಯ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ಬೇನೆ ಕಾಣಿಸಿಕೊಂಡು ನಮ್ಮ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ್ಣು ಕೂಸಾಯಿತು. ತೂಕ ಒಂದು ಕಿಲೋ ನಾಲ್ಕುನೂರು ಗ್ರಾಮ್. ನಾನು ಅವ್ವನನ್ನು ಕರೆದುಕೊಂಡು ನೋಡಲು ಹೋದೆ. ಅವ್ವನಿಗೆ ಆಗ ಎಪ್ಪತ್ತರ ಹತ್ತಿರ. ದಾರಿಯುದ್ದಕ್ಕೂ ಆಕೆ ಒಂದು ಮಾತೂ ಆಡಲಿಲ್ಲ. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ, ಕಿಟಕಿಯಿಂದ ನೋಡಿ ಬರಬೇಕಾಗುತ್ತದೆ ಎಂದುಕೊಂಡೇ ನಾನು ಒಳಗೆ ಹೋದೆ. ನೋಡಿದರೆ ಹುಡುಗಿ ಒರಗು ಕುರ್ಚಿಯ ಮೇಲೆ ಕುಳಿತಿದ್ದಾಳೆ. ಎದೆಗೆ ಬಟ್ಟೆ ಸುತ್ತಿದೆ, ಮೇಲೆ ಒಂದು ಟೊಪ್ಪಿಗೆ ಕಾಣುತ್ತಿದೆ, ಟೊಪ್ಪಿಗೆಯ ಕೆಳಗೆ ಮುಷ್ಟಿಯಷ್ಟು ಮುಖ.

"ದೊಡ್ಡವ್ವ, ನಾ ಕಾಂಗರೂ ಆಗೀನಿ ನೋಡು" ಎಂದಳು.

ಎದುರಿನ ಗೋಡೆಯ ಮೇಲೆ 'ಕಾಂಗರೂ ತಾಯಿ ಆರೈಕೆ' ಎಂದು ಬರೆದ ದೊಡ್ಡ ಚಿತ್ರವಿತ್ತು. ನನಗೆ ಥಟ್ಟನೆ ಆ ಮೂರನೆಯ ಸಾಲಿನ ಹುಡುಗಿಯ ನೆನಪಾಯಿತು. ಕಾಂಗರೂವಿಗೂ ಕೊಪ್ಪಳದ ಬಾಣಂತಿಗೂ ಎಲ್ಲಿಯ ಸಂಬಂಧ? ಹುಡುಕಿಕೊಂಡು ಹೊರಟೆ. ಇತಿಹಾಸದವಳಿಗೆ ಹಿಂದಕ್ಕೆ ಹೋಗುವುದೊಂದೇ ಗೊತ್ತಿರುವ ದಾರಿ.

ಹಿಂದೆ ಹೋದರೆ ಮೊದಲು ಸಿಕ್ಕವನು, ನೀವು ನಂಬಲಿಕ್ಕಿಲ್ಲ, ಆಗ್ರಾದಲ್ಲಿದ್ದ ಒಬ್ಬ ವ್ಯಾಪಾರಿ. ಹೆಸರು ಫ್ರಾನ್ಸಿಸ್ಕೋ ಪೆಲ್ಸಾರ್ಟ್. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯವನು. ಜಹಾಂಗೀರನ ಕಾಲದಲ್ಲಿ ಸುಮಾರು ಏಳು ವರ್ಷ ಆಗ್ರಾದಲ್ಲಿದ್ದು ನೀಲಿ ಮತ್ತು ಬಟ್ಟೆಯ ವ್ಯಾಪಾರ ನೋಡಿಕೊಂಡ. ನೀಲಿ ಎಂದರೆ ಬಟ್ಟೆಗೆ ಹಾಕುವ ಬಣ್ಣದ ನೀಲಿ. ಭಾಗ್ಯನಗರದಲ್ಲಿದ್ದು ಬಣ್ಣದ ನೂಲಿನ ಸುದ್ದಿ ಬಂದರೆ ಕಿವಿ ತಾನೇ ನೆಟ್ಟಗಾಗುತ್ತದೆ. ಅಲ್ಲಿಯ ಬಡವರ ಕಷ್ಟ, ಅಮೀರರ ವೈಭವ ಎರಡನ್ನೂ ಈತ ಬರೆದಿಟ್ಟಿದ್ದರಿಂದ ಮೊಘಲರ ಚರಿತ್ರೆ ಓದುವವರಿಗೆ ಇವನ ಹೆಸರು ಪರಿಚಿತ. ನಾನೂ ಓದಿದ್ದೆ. ಆಗ್ರಾ ಬಿಟ್ಟ ಮೇಲೆ ಏನಾದ ಎಂದು ಕೇಳಿಕೊಂಡಿರಲಿಲ್ಲ, ಅಷ್ಟೇ.

ಆದದ್ದು ಇದು. ಊರಿಗೆ ಹೋಗಿ, 'ಬಟೇವಿಯಾ' ಎಂಬ ಹೊಸ ಹಡಗಿನ ಮುಖ್ಯಸ್ಥನಾಗಿ ಜಾವಾಕ್ಕೆ ಹೊರಟ. 1629ರ ಜೂನ್ ತಿಂಗಳಲ್ಲಿ ಆ ಹಡಗು ಆಸ್ಟ್ರೇಲಿಯಾದ ಪಶ್ಚಿಮ ತೀರದಾಚೆಯ ಸಣ್ಣ ದ್ವೀಪಗಳ ಬಳಿ ಹವಳದ ಬಂಡೆಗೆ ಹೊಡೆದು ಒಡೆಯಿತು. ಪೆಲ್ಸಾರ್ಟ್ ಸಣ್ಣ ದೋಣಿಯಲ್ಲಿ ಜಾವಾಕ್ಕೆ ಹೋಗಿ ಸಹಾಯ ತರುವಷ್ಟರಲ್ಲಿ, ಉಳಿದವರಲ್ಲೇ ಕೆಲವರು ದಂಗೆಯೆದ್ದು ಹೆಂಗಸರು ಮಕ್ಕಳೆನ್ನದೆ ನೂರಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಆ ಘೋರ ಕಥೆ ಇಲ್ಲಿ ಬೇಡ. ಇಂಥ ಹೊತ್ತಿನಲ್ಲಿಯೂ ಪೆಲ್ಸಾರ್ಟ್ ತನ್ನ ದಿನಚರಿಯಲ್ಲಿ ಆ ದ್ವೀಪದ ಒಂದು ವಿಚಿತ್ರ 'ಬೆಕ್ಕಿ'ನ ಬಗ್ಗೆ ಬರೆದ ಎಂಬುದು ನನಗೆ ಆಶ್ಚರ್ಯ. ಮೊಲದಷ್ಟು ದೊಡ್ಡದು, ಮುಂಗಾಲು ಗಿಡ್ಡ, ಹಿಂಗಾಲು ಉದ್ದ, ಹೆಣ್ಣಿನ ಹೊಟ್ಟೆಯ ಮೇಲೆ ಕೈ ಹಾಕಬಹುದಾದಷ್ಟು ಚೀಲ. ಇದು ಕಾಂಗರೂ ಕುಲದ ಸಣ್ಣ ಪ್ರಾಣಿ, ವಾಲಬಿ. ಚೀಲದೊಳಗೆ ನೋಡಿದಾಗ ಅವರೆಕಾಳಿನಷ್ಟು ಮರಿ ಮೊಲೆತೊಟ್ಟಿಗೆ ಅಂಟಿಕೊಂಡಿತ್ತು. ಬಿಡಿಸಿದರೆ ಬಿಡಲೊಲ್ಲದು. ಹಾಗಾಗಿ ಮಾವಿನ ಮಿಡಿ ತೊಟ್ಟಿನಲ್ಲಿ ಬಿಡುವಂತೆ ಮರಿ ಮೊಲೆತೊಟ್ಟಿನಿಂದಲೇ ಬೆಳೆಯುತ್ತದೆ ಎಂದು ಆತ ನಂಬಿದ. ಅಂಥ ಪ್ರಾಣಿಯ ಬಗ್ಗೆ ಯುರೋಪಿನವನೊಬ್ಬ ವಿವರವಾಗಿ ಬರೆದದ್ದು ಅದೇ ಮೊದಲು. ಮರಿ ಚೀಲಕ್ಕೆ ಹೇಗೆ ಬಂತು ಎಂಬ ಪ್ರಶ್ನೆಯೂ ಅಲ್ಲಿಂದಲೇ ಶುರುವಾಯಿತು. ಅಂದರೆ ನಮ್ಮ ಭಾಗ್ಯನಗರದ ಹುಡುಗಿಯ ಪ್ರಶ್ನೆಗೆ ಆಗಲೇ ಮುನ್ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿತ್ತು.

ಹೆಸರಿನ ಕಥೆ ನಂತರದ್ದು. 1770ರಲ್ಲಿ ಕ್ಯಾಪ್ಟನ್ ಕುಕ್‌ನ 'ಎಂಡೆವರ್' ಹಡಗು ಆಸ್ಟ್ರೇಲಿಯಾದ ಪೂರ್ವ ತೀರದಲ್ಲಿ ಹವಳದ ಬಂಡೆಗೆ ತಗುಲಿತು. ಒಂದು ಹೊಳೆಯ ಬಾಯಿಯಲ್ಲಿ ಅದನ್ನು ದಡಕ್ಕೆಳೆದು ರಿಪೇರಿ ಮಾಡುತ್ತ ಕೆಲವು ವಾರ ಉಳಿದರು. ಅಲ್ಲಿಯ ಗೂಗು ಯಿಮಿಥಿರ್ ಭಾಷೆಯ ಜನರಿಂದ ಕುಕ್ ಮತ್ತು ಆತನ ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಈ ಹೆಸರು ಕೇಳಿ ಬರೆದುಕೊಂಡರು. ಐವತ್ತು ವರ್ಷ ಬಿಟ್ಟು ಅದೇ ಜಾಗಕ್ಕೆ ಬಂದ ಮತ್ತೊಬ್ಬ ನಾವಿಕ ಕಿಂಗ್‌ಗೆ ಜನ ಬೇರೆಯೇ ಶಬ್ದ ಹೇಳಿದರು. ಕುಕ್ ಮೋಸಹೋದ ಎಂಬ ಅನುಮಾನ ಹುಟ್ಟಿತು. 'ತಿಳಿಯುತ್ತಿಲ್ಲ' ಎಂಬ ಕಥೆಗೆ ರೆಕ್ಕೆ ಬಂತು. 1970ರ ದಶಕದಲ್ಲಿ ಜಾನ್ ಹ್ಯಾವಿಲ್ಯಾಂಡ್ ಎಂಬ ಭಾಷಾವಿದ್ವಾಂಸ ಆ ಜನರ ನಡುವೆ ಇದ್ದು ಅವರ ಭಾಷೆ ಕಲಿತಾಗ ವಿಷಯ ಇತ್ಯರ್ಥವಾಯಿತು. 'ಗಂಗುರ್ರು' ಎಂಬುದು ಅವರಲ್ಲಿ ಒಂದು ಜಾತಿಯ ದೊಡ್ಡ ಕಾಂಗರೂವಿನ ಹೆಸರು. ಕಿಂಗ್‌ಗೆ ಹೇಳಿದ್ದು ತಿನ್ನಬಹುದಾದ ಪ್ರಾಣಿಗಳಿಗೆಲ್ಲ ಒಟ್ಟಾಗಿ ಬಳಸುವ ಮಾತು. ಒಬ್ಬನಿಗೆ 'ಜೋಳ' ಎಂದರು, ಇನ್ನೊಬ್ಬನಿಗೆ 'ಕಾಳು' ಎಂದರು, ಅಷ್ಟೇ. ಹೇಳಿದವರು ಸರಿಯಾಗಿಯೇ ಹೇಳಿದ್ದರು. ಅವರನ್ನು ಪೆದ್ದರನ್ನಾಗಿ ಮಾಡಿದ ಆ ಕಥೆಯನ್ನು ನಾನು ಇಪ್ಪತ್ತು ವರ್ಷ ಮಕ್ಕಳಿಗೆ ನಗುನಗುತ್ತ ಹೇಳಿದೆನಲ್ಲ, ಅದು ಈಗಲೂ ಚುಚ್ಚುತ್ತದೆ.

ಇನ್ನು ಮರಿಯ ವಿಷಯ. ಕಾಂಗರೂಗಳನ್ನು ಲಂಡನ್ನಿನ ಪ್ರಾಣಿಸಂಗ್ರಹಾಲಯಕ್ಕೆ ತಂದ ಮೇಲೆ ದೊಡ್ಡ ದೊಡ್ಡ ಪಂಡಿತರು ಅವುಗಳ ಪಂಜರದ ಮುಂದೆ ಕುಳಿತರು. ಅವರಲ್ಲಿ ರಿಚರ್ಡ್ ಓವೆನ್ ಹೆಸರಾದ ಅಂಗರಚನಾ ಶಾಸ್ತ್ರಜ್ಞ. ತಾಯಿಯೇ ತುಟಿಯಿಂದ ಮರಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತದೆ ಎಂಬುದು 1830ರ ದಶಕದಲ್ಲಿ ಅವನು ಕೊಟ್ಟ ಅಭಿಪ್ರಾಯ. ನಾನು ಕರಿಹಲಗೆಯ ಮುಂದೆ ನಿಂತು ಹೇಳಿದ್ದೂ ಅದನ್ನೇ. ಇಷ್ಟಾದರೂ ಒಳ್ಳೆಯ ಸಹವಾಸದಲ್ಲಿ ತಪ್ಪಿದೆ ಎಂದು ಸಮಾಧಾನ. ಆದರೆ ಅದೇ ಹೊತ್ತಿಗೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿದ್ದ ಹಡಗಿನ ವೈದ್ಯ ಅಲೆಕ್ಸಾಂಡರ್ ಕಾಲಿ ಬೇರೆ ಮಾತು ಬರೆದು ಕಳಿಸಿದ್ದ: ಮರಿ ತಾನೇ ತಾಯಿಯ ಮೈಮೇಲೆ ಹತ್ತಿಕೊಂಡು ಚೀಲಕ್ಕೆ ಹೋಗುತ್ತದೆ. ಹಡಗಿನ ಡಾಕ್ಟರನ ಮಾತನ್ನು ಯಾರು ಕೇಳಬೇಕು? ಓವೆನ್‌ನ ಮಾತೇ ನಡೆಯಿತು. 1913ರಲ್ಲಿ ಗೋರ್ಲಿಂಗ್ ಎಂಬುವನು, ಮರಿ ತಾನೇ ಹತ್ತಿ ಹೋದದ್ದನ್ನು ಕಣ್ಣಾರೆ ಕಂಡೆನೆಂದು ಪರ್ತ್ ನಗರದ ಪತ್ರಿಕೆಗೆ ಬರೆದ. ಕೊನೆಗೆ 1960ರ ದಶಕದಲ್ಲಿ ಶಾರ್ಮನ್ ಮೊದಲಾದ ಆಸ್ಟ್ರೇಲಿಯಾದ ವಿಜ್ಞಾನಿಗಳು ಕೆಂಪು ಕಾಂಗರೂಗಳನ್ನು ಸಾಕಿ, ಹೆರಿಗೆಯನ್ನು ಮೊದಲಿನಿಂದ ಕಡೆಯತನಕ ನೋಡಿ ಬರೆದ ಮೇಲೆ ಅನುಮಾನ ಉಳಿಯಲಿಲ್ಲ. ಆ ನೆಲದಲ್ಲಿ ಹತ್ತಾರು ಸಾವಿರ ವರ್ಷದಿಂದ ಕಾಂಗರೂಗಳ ಜೊತೆಗೇ ಬಾಳಿದ ಜನರನ್ನು ಆ ಪಂಡಿತರು ಮೊದಲೇ ಕೂಡಿಸಿಕೊಂಡು ಕೇಳಿದ್ದರೆ ಎಷ್ಟು ಹೊತ್ತಿನ ಕೆಲಸವಾಗುತ್ತಿತ್ತೋ!

ಹೆರಿಗೆ ಆಗುವ ಬಗೆ ಹೀಗೆ. ಕೆಂಪು ಕಾಂಗರೂ ಬಸಿರಾಗಿರುವುದು ಮೂವತ್ತಮೂರು ದಿನ ಮಾತ್ರ. ತಾಯಿ ಮೊದಲು ಚೀಲದೊಳಗೆ ತಲೆ ಹಾಕಿ ನೆಕ್ಕಿ ಸ್ವಚ್ಛ ಮಾಡುತ್ತದೆ. ನಾವು ಬಾಣಂತಿ ಕೋಣೆ ಸಾರಿಸಿದ ಹಾಗೆ. ಆಮೇಲೆ ಬಾಲವನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಚಾಚಿ, ಬೆನ್ನು ಯಾವುದಕ್ಕಾದರೂ ಆನಿಸಿ ಕೂಡುತ್ತದೆ. ಹುಟ್ಟುವ ಮರಿ ಸೇಂಗಾಕಾಳಿನಷ್ಟು. ತೂಕ ಒಂದು ಗ್ರಾಮ್‌ಗಿಂತ ಕಡಿಮೆ. ಕಣ್ಣಿಲ್ಲ, ಕೂದಲಿಲ್ಲ, ಹಿಂಗಾಲು ಇನ್ನೂ ಮೊಳಕೆ. ಆದರೆ ಮುಂಗೈಗಳೆರಡೂ ಗಟ್ಟಿ, ಅದರಲ್ಲಿ ಪುಟ್ಟ ಉಗುರು. ಆ ಕೈಗಳಿಂದ ತಾಯಿಯ ಕೂದಲು ಹಿಡಿದು, ಈಜುವವರ ಹಾಗೆ ಒಂದಾದ ಮೇಲೊಂದು ಕೈ ಚಾಚಿ, ಮೇಲೆ ಮೇಲೆ ಹತ್ತುತ್ತದೆ. ನಾಲ್ಕೈದು ನಿಮಿಷದಲ್ಲಿ ಚೀಲದೊಳಗೆ ಸೇರುತ್ತದೆ. ಅಲ್ಲಿ ನಾಲ್ಕು ಮೊಲೆತೊಟ್ಟುಗಳಿದ್ದು, ಒಂದನ್ನು ಹುಡುಕಿ ಬಾಯಿ ಹಾಕುತ್ತದೆ. ಬಾಯಿಯೊಳಗೆ ತೊಟ್ಟು ಉಬ್ಬಿಕೊಳ್ಳುವುದರಿಂದ ಬಿಡಿಸಿದರೂ ಬಿಡದು. ಪೆಲ್ಸಾರ್ಟ್ ಕಂಡದ್ದು ಇದನ್ನೇ.

ತಾಯಿ ಮಾಡುವುದು ಏನು? ಏನೂ ಇಲ್ಲ ಎನ್ನಬೇಕು. ಮರಿಗೆ ದಾರಿ ಕಾಣಲೆಂದು ತಾಯಿ ಕೂದಲನ್ನು ನೆಕ್ಕಿ ಬೈತಲೆ ತೆಗೆಯುತ್ತದೆ ಎಂದು ಕೆಲವು ಕಾಲ ಹೇಳುತ್ತಿದ್ದರು. ಅದೂ ಅಲ್ಲವಂತೆ. ತಾಯಿ ನೆಕ್ಕುವುದು ಹೆರಿಗೆಯ ನೀರನ್ನು ಸ್ವಚ್ಛ ಮಾಡಲು. ನೆಕ್ಕದ ಕಡೆಯಿಂದಲೂ ಮರಿ ಹತ್ತುತ್ತದೆ. ಮರಿಯನ್ನು ಅದು ಮುಟ್ಟುವುದಿಲ್ಲ, ಎತ್ತುವುದಿಲ್ಲ. ಅಲುಗಾಡದೆ ಕೂಡುತ್ತದೆ. ಹತ್ತುವುದಕ್ಕೆ ಮೈ ಕೊಡುತ್ತದೆ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತೆ. ಒಂದು ಗ್ರಾಮ್ ತೂಗದ ಜೀವ, ಕಣ್ಣಿಲ್ಲದ್ದು, ತನ್ನ ಊಟ ಎಲ್ಲಿದೆಯೆಂದು ತಿಳಿದು ಹೊರಡುತ್ತದಲ್ಲ! ಮೇಲಕ್ಕೆ ಹತ್ತುವ ಹುಟ್ಟುಗುಣ ಮತ್ತು ವಾಸನೆ ಅದಕ್ಕೆ ದಾರಿ ತೋರಿಸುತ್ತವೆ ಎನ್ನುತ್ತಾರೆ ತಿಳಿದವರು. ನಮ್ಮ ಕೂಸುಗಳಲ್ಲಿಯೂ ಇದರ ಒಂದು ಎಳೆ ಇದೆ. ಹುಟ್ಟಿದ ಕೂಡಲೆ ಕೂಸನ್ನು ಒರೆಸಿ ತಾಯಿಯ ಹೊಟ್ಟೆಯ ಮೇಲೆ ಹಾಗೇ ಬಿಟ್ಟರೆ, ಒಂದು ಗಂಟೆಯೊಳಗೆ ಅದು ಕಾಲಿನಿಂದ ಒತ್ತಿಕೊಂಡು, ತೆವಳಿಕೊಂಡು ಮೊಲೆಗೆ ಬಾಯಿ ಹಾಕುತ್ತದೆ. ಇದನ್ನು ಸ್ವೀಡನ್ ದೇಶದ ಕ್ಯಾರೊಲಿನ್ಸ್ಕಾ ಸಂಸ್ಥೆಯವರು 1987ರಲ್ಲಿ ಬರೆದರು. ಮಕ್ಕಳನ್ನು ಹೆತ್ತವರು ನಾವು, ನಮಗೇ ಇದು ಗೊತ್ತಿರಲಿಲ್ಲ. ಹುಟ್ಟಿದ ಕೂಡಲೆ ಕೂಸನ್ನು ಒಯ್ದುಬಿಡುತ್ತಿದ್ದರು, ನೋಡಲು ಎಲ್ಲಿಂದ ಸಿಗಬೇಕು?

ಕಾಂಗರೂ ತಾಯಿಯ ಸಂಸಾರ ಅಲ್ಲಿಗೆ ಮುಗಿಯುವುದಿಲ್ಲ. ಹೆತ್ತ ಒಂದೆರಡು ದಿನಕ್ಕೇ ಮತ್ತೆ ಗರ್ಭ ಕಟ್ಟುತ್ತದೆ. ಆದರೆ ಚೀಲದಲ್ಲೊಂದು ಮರಿ ಹಾಲು ಕುಡಿಯುತ್ತಿರುವ ತನಕ ಒಳಗಿನ ಗರ್ಭ ಸಾಸಿವೆಗಿಂತ ಸಣ್ಣದಾಗಿ, ನೂರರಷ್ಟು ಜೀವಕೋಶಗಳ ಹಂತದಲ್ಲಿ, ಬೆಳೆಯದೆ ಸಾಯದೆ ನಿದ್ದೆ ಮಾಡುತ್ತದೆ. ಚೀಲದ ಮರಿ ಸುಮಾರು ಆರು ತಿಂಗಳಿಗೆ ಹೊರಗೆ ಇಣುಕಿ, ಇಳಿದು ಹತ್ತಿ ಮಾಡುತ್ತ, ಎಂಟು ತಿಂಗಳ ಹೊತ್ತಿಗೆ ಚೀಲ ಬಿಡುತ್ತದೆ. ಅಷ್ಟರಲ್ಲಿ ಒಳಗಿನದು ಎಚ್ಚೆತ್ತು ಬೆಳೆದು ಹುಟ್ಟಿ ತಾನೂ ಚೀಲ ಸೇರುತ್ತದೆ. ಹೊರಗೆ ಹೋದ ದೊಡ್ಡದು ವರ್ಷ ತುಂಬುವವರೆಗೂ ಆಗಾಗ ಬಂದು ಚೀಲದೊಳಗೆ ತಲೆ ಹಾಕಿ ತನ್ನದೇ ತೊಟ್ಟಿನಿಂದ ಕುಡಿಯುತ್ತದೆ. ಹೀಗೆ ಒಂದು ತಾಯಿ, ಪಕ್ಕದಲ್ಲೊಂದು, ಚೀಲದಲ್ಲೊಂದು, ಗರ್ಭದಲ್ಲಿ ನಿದ್ದೆ ಹೋದದ್ದೊಂದು. ಅದಕ್ಕಿಂತ ಬೆರಗು ಎಂದರೆ ಒಂದೇ ಚೀಲದ ಎರಡು ತೊಟ್ಟುಗಳಲ್ಲಿ ಎರಡು ಬಗೆಯ ಹಾಲು: ಎಳೆಯದಕ್ಕೆ ತೆಳು, ದೊಡ್ಡದಕ್ಕೆ ಕೊಬ್ಬಿನ ಗಟ್ಟಿ ಹಾಲು. ಒಂದೇ ಒಲೆಯ ಮೇಲೆ ಬಾಣಂತಿಗೆ ಬೇರೆ, ಮನೆಮಂದಿಗೆ ಬೇರೆ ಅಡಿಗೆ ಮಾಡಿದವರಿಗೆ ಇದರ ಕಷ್ಟ ತಿಳಿಯುತ್ತದೆ.

ಬರ ಬಂದರೆ ಲೆಕ್ಕ ಬದಲಾಗುತ್ತದೆ. ಮೇವು ನೀರು ಇಲ್ಲದಾಗ ತಾಯಿಯ ಹಾಲು ಬತ್ತುತ್ತದೆ. ಚೀಲದ ಮರಿ ಸಾಯುತ್ತದೆ. ಕುಡಿಯುವ ಮರಿ ಇಲ್ಲವಾದ್ದರಿಂದ ಮಲಗಿದ್ದ ಗರ್ಭ ಏಳುತ್ತದೆ. ಅದು ಹುಟ್ಟಿ ಬದುಕುವಷ್ಟರಲ್ಲಿ ಮಳೆಯಾದರೆ ಆಯಿತು, ಆಗದಿದ್ದರೆ ಅದೂ ಹೋಗುತ್ತದೆ. ಬರ ಇನ್ನೂ ಉದ್ದವಾದರೆ ಗರ್ಭ ಕಟ್ಟುವುದೇ ನಿಲ್ಲುತ್ತದೆ. ಇದನ್ನು ಪ್ರಕೃತಿಯ ಜಾಣತನ ಎಂದು ಬರೆಯುತ್ತಾರೆ. ಇರಬಹುದು. ಮಳೆ ಕೈಕೊಟ್ಟರೆ ಗುಳೆ ಹೋಗುವ ಕುಷ್ಟಗಿ, ಯಲಬುರ್ಗಾದ ಕಡೆಯ ನನಗೆ ಮಾತ್ರ ಜಾಣತನ ಎಂಬ ಮಾತು ಬಾಯಿಗೆ ಬರಲಿಲ್ಲ.

ಅಟ್ಟಿಸಿಕೊಂಡು ಹೋದಾಗ ಓಟದಲ್ಲಿ ತಾಯಿಯ ಚೀಲದ ಸ್ನಾಯು ಸಡಿಲಾಗಿ ಮರಿ ಕೆಳಗೆ ಬೀಳುವುದೂ ಉಂಟು. ಮರಿಯನ್ನು ಎಸೆದು ತಾನು ಉಳಿಯುವ ಪಾಪಿ ತಾಯಿ ಎಂದು ಕೆಲವರು ಕಥೆ ಕಟ್ಟಿದ್ದಾರೆ. ಪ್ರಾಣಿಗಳ ತಾಯ್ತನವನ್ನೂ ತೂಗಿ ನೋಡುವ ಚಾಳಿ ಮನುಷ್ಯರಿಗೆ ಯಾಕೋ ತಪ್ಪಿಲ್ಲ.

ಇನ್ನು ಈ ಪ್ರಾಣಿಯ ಹೆಸರು ಆಸ್ಪತ್ರೆಯ ಗೋಡೆಗೆ ಬಂದ ಬಗೆ. ಅದು ನಡೆದದ್ದು ಕಾಂಗರೂಗಳ ನಾಡಿನಲ್ಲಲ್ಲ, ಭೂಮಿಯ ಆ ಮಗ್ಗುಲಿನ ಕೊಲಂಬಿಯಾ ದೇಶದಲ್ಲಿ. ಅದರ ರಾಜಧಾನಿ ಬೊಗೊಟಾದ ದೊಡ್ಡ ಹೆರಿಗೆ ಆಸ್ಪತ್ರೆಗೆ ಬಡವರೇ ಬರುತ್ತಿದ್ದರು. ದಿನ ತುಂಬದ ಕೂಸುಗಳನ್ನಿಡುವ ಬಿಸಿ ಪೆಟ್ಟಿಗೆಗಳು ಸಾಲದೆ, ಒಂದೊಂದರಲ್ಲಿ ಎರಡು ಮೂರು ಕೂಸು. ಒಂದರ ಸೋಂಕು ಇನ್ನೊಂದಕ್ಕೆ. ತಾಯಂದಿರಿಗೆ ಒಳಗೆ ಪ್ರವೇಶವಿಲ್ಲ. ವಾರಗಟ್ಟಲೆ ಕೂಸಿನ ಮುಖ ನೋಡದ ಕೆಲವು ತಾಯಂದಿರು ಅಲ್ಲಿಯೇ ಬಿಟ್ಟು ಹೋಗುವುದೂ ಇತ್ತು. ಅಲ್ಲಿಯ ಮಕ್ಕಳ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಕಾಂಗರೂಗಳ ಬಗ್ಗೆ ಓದಿದ್ದನಂತೆ. ಸೇಂಗಾಕಾಳಿನಷ್ಟು ಹುಟ್ಟಿದ ಮರಿ ಪೆಟ್ಟಿಗೆಯಿಲ್ಲದೆ ತಾಯಿಯ ಮೈ ಬಿಸಿಯಲ್ಲಿ ಬೆಳೆಯುತ್ತದಾದರೆ, ನಮ್ಮ ಕೂಸು ಯಾಕೆ ಬೆಳೆಯಬಾರದು? 1978ರಲ್ಲಿ ಆತ ತಾಯಂದಿರನ್ನು ಕರೆದು ಕೂಸುಗಳನ್ನು ಅವರ ಎದೆಗೆ ಕಟ್ಟಿಸಿದ. ಮರುವರ್ಷದಿಂದ ಎಕ್ಟರ್ ಮಾರ್ಟಿನೆಜ್ ಎಂಬ ವೈದ್ಯನೂ ಜೊತೆಗೂಡಿದ. ಯಂತ್ರ ಇಲ್ಲದ್ದಕ್ಕೆ ಹುಟ್ಟಿದ ಉಪಾಯ. ಆದ್ದರಿಂದಲೇ ಇದು ಬಡವರ ಚಿಕಿತ್ಸೆ ಎಂದು ಶ್ರೀಮಂತ ದೇಶಗಳ ವೈದ್ಯರು ಬಹಳ ವರ್ಷ ಮೂಗು ಮುರಿದರು.

ಅಂದಹಾಗೆ, ಕೊಲಂಬಿಯಾದಲ್ಲಿ ಕಾಂಗರೂ ಇಲ್ಲದಿದ್ದರೂ ಚೀಲದ ಪ್ರಾಣಿ ಇದೆ: ಒಪೊಸಮ್, ಹೆಗ್ಗಣದ ಹಾಗೆ ಕಾಣುವಂಥದು. ಚೀಲದ ಪ್ರಾಣಿಯೊಂದನ್ನು ಯುರೋಪಿಗೆ ಮೊದಲು ಒಯ್ದು ತೋರಿಸಿದ್ದೂ ಅದನ್ನೇ. 1500ರಲ್ಲಿ ಪಿನ್ಝೋನ್ ಎಂಬ ನಾವಿಕ ಬ್ರೆಜಿಲ್ ಕಡೆಯಿಂದ ತಂದು ಸ್ಪೇನಿನ ರಾಜ ರಾಣಿಯರಿಗೆ ತೋರಿಸಿದ. ಚಿಕಿತ್ಸೆಗೆ ಹಿತ್ತಲಿನ ಒಪೊಸಮ್ ಹೆಸರಿಡದೆ ಕಾಂಗರೂ ಹೆಸರಿಟ್ಟದ್ದು ಒಳ್ಳೆಯದೇ ಆಯಿತು. ಹೆಗ್ಗಣದ ಹೆಸರು ಹೇಳಿ ನಮ್ಮ ಬೀಗರನ್ನು ಒಪ್ಪಿಸುವುದು ಆಗುತ್ತಿರಲಿಲ್ಲ.

ನಮ್ಮ ದೇಶದಲ್ಲಿಯೂ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಈ ಪದ್ಧತಿ ಮೊದಲೇ ಇತ್ತು. 2014ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಮಾರ್ಗಸೂಚಿ ತಂದಿತು. ಆದರೆ ತಾಲೂಕಿನ ಆಸ್ಪತ್ರೆಗೆ, ಹಳ್ಳಿಯ ಮನೆಗೆ ಅದು ಮುಟ್ಟಬೇಕಲ್ಲ. ಅದಕ್ಕೆ ಏನು ಮಾಡಬೇಕೆಂದು ಕಂಡುಹಿಡಿಯಲು ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಇಥಿಯೋಪಿಯಾದಲ್ಲಿಯೂ ಭಾರತದ ಮೂರು ರಾಜ್ಯಗಳಲ್ಲಿಯೂ ಪ್ರಯೋಗ ನಡೆಯಿತು. ಹರಿಯಾಣ, ಉತ್ತರಪ್ರದೇಶ, ಮತ್ತು ಕರ್ನಾಟಕ. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆ ನಮ್ಮ ಕೊಪ್ಪಳ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಸರ್ಕಾರದ ಆರೋಗ್ಯ ಇಲಾಖೆ ಕೂಡಿ ಮಾಡಿದ ಕೆಲಸ. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳನ್ನು ಗುರುತಿಸುವುದು, ದಿನಕ್ಕೆ ಕನಿಷ್ಠ ಎಂಟು ಗಂಟೆ ಮೈಗೆ ಮೈ ತಾಗಿಸಿ ಇಡಿಸುವುದು, ತಾಯಿಯ ಹಾಲನ್ನಷ್ಟೇ ಕೊಡಿಸುವುದು, ಮನೆಗೆ ಹೋದ ಮೇಲೂ ಅದು ನಡೆಯುವಂತೆ ನೋಡುವುದು. ಅದರ ವರದಿ 2021ರಲ್ಲಿ ಹೊರಬಂತು. ನಮ್ಮ ಜಿಲ್ಲೆಯ ಹೆಸರು ಪೇಪರಿನಲ್ಲಿ ಬರ, ಗುಳೆ ಎಂದು ಓದಿ ಓದಿ ಬೇಸತ್ತ ನನಗೆ ಇದನ್ನು ಓದಿ ಸ್ವಲ್ಪ ಜಂಭವೇ ಬಂತು.

ಅದೇ 2021ರಲ್ಲಿ ಇನ್ನೊಂದು ಅಧ್ಯಯನವೂ ಪ್ರಕಟವಾಯಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ, ಒಂದು ಕಿಲೋದಿಂದ ಒಂದು ಕಿಲೋ ಎಂಟುನೂರು ಗ್ರಾಮ್‌ವರೆಗಿನ 3,211 ಕೂಸುಗಳ ಲೆಕ್ಕ. ಮೊದಲೆಲ್ಲ ಕೂಸು ಸ್ವಲ್ಪ ಸುಧಾರಿಸಿದ ಮೇಲೆ ತಾಯಿಯ ಎದೆಗೆ ಕೊಡುತ್ತಿದ್ದರು. ಇಲ್ಲಿ ಅರ್ಧದಷ್ಟು ಕೂಸುಗಳನ್ನು ಹುಟ್ಟಿದ ಕೂಡಲೆ ಕೊಟ್ಟು ನೋಡಿದರು. ತಡವಾಗಿ ಕೊಟ್ಟವುಗಳಲ್ಲಿ ಇಪ್ಪತ್ತೆಂಟು ದಿನದೊಳಗೆ ನೂರಕ್ಕೆ 15.7 ತೀರಿಕೊಂಡರೆ, ಕೂಡಲೆ ಕೊಟ್ಟವುಗಳಲ್ಲಿ 12. ನಾಲ್ಕರಲ್ಲೊಂದು ಸಾವು ತಪ್ಪಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ, ಪೆಟ್ಟಿಗೆಗಿಂತ ಮೊದಲು ತಾಯಿಯ ಎದೆ ಎಂದು ಸೂಚನೆ ಹೊರಡಿಸಿತು.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಸೊಂಟಕ್ಕೊಂದು ಬಟ್ಟೆ. ಉಳಿದ ಮೈ ಬರಿದು. ತಾಯಿಯ ಎದೆಯ ನಡುವೆ ಕಪ್ಪೆಯ ಹಾಗೆ ಕೈಕಾಲು ಮಡಿಚಿ, ನೆಟ್ಟಗೆ, ತಲೆ ಒಂದು ಕಡೆ ಹೊರಳಿಸಿ ಕಟ್ಟಿದ್ದರು. ಹೊತ್ತೊತ್ತಿಗೆ ಹಾಲು ಹಿಂಡಿ ಒಳಲೆಯಲ್ಲಿ ಹಾಕುತ್ತಿದ್ದರು. ಅಳಿಯನೂ ಎರಡು ಗಂಟೆ ಕೂಡಬೇಕೆಂದು ಸಿಸ್ಟರ್ ಹೇಳಿದ್ದರು. ಮಗ್ಗದ ಮುಂದೆ ಇಡೀ ದಿನ ಬರಿಮೈಯಲ್ಲಿ ಕೂಡುವವನು, ಇಲ್ಲಿ ಅಂಗಿ ಬಿಚ್ಚಲು ನಾಚಿಕೊಂಡು ಗೋಡೆಗೆ ಮುಖ ಮಾಡಿ ಕೂತನಂತೆ. ಆಮೇಲೆ ಎಬ್ಬಿಸಿದರೂ ಏಳಲಿಲ್ಲವೆಂದು ಹುಡುಗಿ ನಕ್ಕಳು.

ಅವ್ವ ನಗಲಿಲ್ಲ. ಮಂಚದ ಅಂಚಿಗೆ ಕೂತು ಆ ಟೊಪ್ಪಿಗೆಯನ್ನೇ ನೋಡುತ್ತಿದ್ದಳು. ನನ್ನ ಹಿಂದೆ ಒಬ್ಬ ತಮ್ಮ ಹುಟ್ಟಿದ್ದ. ನಾನಾಗ ಐದು ವರ್ಷದವಳು. ಏಳು ತಿಂಗಳಿಗೇ ಹುಟ್ಟಿದ ಕೂಸು. ಊರು ಯಲಬುರ್ಗಾದ ಕಡೆಯ ಹಳ್ಳಿ. ಹತ್ತಿಯಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿ, ಅಗ್ಗಿಷ್ಟಿಗೆಯ ಹತ್ತಿರ ಇಟ್ಟಿದ್ದರೆಂಬುದು ಮನೆಯವರ ಮಾತಿನಿಂದ ನನಗೆ ತಿಳಿದದ್ದು. ಎಳೆ ಕೂಸು, ಮುಟ್ಟಿದರೆ ನಂಜಾಗುತ್ತದೆ ಎಂದು ಹಿರಿಯರು ಅವ್ವನಿಗೆ ಹಾಲು ಹಿಂಡಿ ಕೊಡುವುದಷ್ಟನ್ನೇ ಬಿಟ್ಟಿದ್ದರು. ನನಗೆ ನೆನಪಿರುವುದು ಮುಚ್ಚಿದ ಬಾಗಿಲು ಮಾತ್ರ. ಮೂರನೆಯ ದಿನ ಬೆಳಗ್ಗೆ ಮೊರ ಖಾಲಿಯಾಗಿತ್ತು. ಅವನಿಗೆ ಹೆಸರು ಇಟ್ಟಿರಲಿಲ್ಲ. ಆ ಮಾತನ್ನು ಅವ್ವ ನಮ್ಮ ಮುಂದೆ ಎಂದೂ ಎತ್ತಿರಲಿಲ್ಲ. ಆಗ ಹಿರಿಯರು ಮಾಡಿದ್ದು ಕೆಟ್ಟ ಮನಸ್ಸಿನಿಂದಲ್ಲ. ತಮಗೆ ತಿಳಿದಷ್ಟು ಮಾಡಿದರು. ಎತ್ತಿಕೊಂಡಿದ್ದರೆ ಉಳಿಯುತ್ತಿದ್ದ ಎಂದು ನಾನು ಹೇಳಲಾರೆ. ಯಾರೂ ಹೇಳಲಾರರು.

"ಎತಗೊ ಅಂತ ನನಗ ಯಾರೂ ಹೇಳ್ಲಿಲ್ಲ" ಎಂದಳು ಅವ್ವ, ಯಾರಿಗೂ ಅಲ್ಲವೆಂಬಂತೆ.

ನಾನು ಏನು ಹೇಳಲಿ? ತಂಗಿಯ ಮಗಳಿಗೆ ಈ ಕಥೆ ಗೊತ್ತಿರಲಿಲ್ಲ. ಆಕೆಗೆ ಬೆನ್ನು ನೋಯುತ್ತಿತ್ತು, ಊಟ ಮಾಡಬೇಕಿತ್ತು. ತಾಯಿ ಏಳಬೇಕಾದಾಗ ಮನೆಯವರು ಯಾರಾದರೂ, ಕೆಮ್ಮು ನೆಗಡಿ ಇಲ್ಲದವರು, ಸ್ನಾನ ಮಾಡಿ ಬಂದವರು ಕೂಡಬಹುದೆಂದು ಸಿಸ್ಟರ್ ಬಂದು ಹೇಳಿದರು. ತಂಗಿ ಮನೆಗೆ ಬುತ್ತಿ ತರಲು ಹೋಗಿದ್ದಳು. ನನಗೆ ಆ ವಾರ ನೆಗಡಿ. ಸಿಸ್ಟರ್ ಅವ್ವನ ಕಡೆ ನೋಡಿ, "ಅಮ್ಮಾ, ನೀವು ಕೂಡತೀರೇನ್ರಿ?" ಎಂದರು.

ಅವ್ವ ಎದ್ದು ಬಚ್ಚಲಿಗೆ ಹೋಗಿ ಕೈ ಎದೆ ತೊಳೆದುಕೊಂಡು ಬಂದಳು. ಪರದೆಯ ಮರೆಯಲ್ಲಿ ಕುಪ್ಪಸದ ಗುಂಡಿ ಬಿಚ್ಚಿ, ಆ ಒರಗು ಕುರ್ಚಿಯ ಮೇಲೆ ಕೂತಳು. ಸಿಸ್ಟರ್ ಕೂಸನ್ನು ಬಿಡಿಸಿ ಅವಳ ಎದೆಯ ಮೇಲಿಟ್ಟು ಬಟ್ಟೆ ಕಟ್ಟಿದರು. ಕೂಸು ಒಂದು ಸಲ ಮುಖ ಹಿಂಡಿತು, ಕೈ ಚಾಚಿ ಅವ್ವನ ತಾಳಿಯ ದಾರ ಹಿಡಿದುಕೊಂಡಿತು, ಮಲಗಿತು. ಅರ್ಧ ಗಂಟೆ ಆಯಿತು. ಹುಡುಗಿ ಉಂಡು ಬಂದಳು. "ಕೊಡಬೇ ಆಯಿ, ಸಾಕು, ನಿನಗ ತ್ರಾಸ ಆಕ್ಕತಿ" ಎಂದಳು.

"ಇರಲಿ ಬಿಡು, ನೀ ಸ್ವಲ್ಪ ಮಲಕ್ಕೊ" ಎಂದಳು ಅವ್ವ. ಸಂಜೆಯ ಬಸ್ಸಿಗೆ ಹೊರಡೋಣವೇ ಎಂದು ಕೇಳಲು ನಾನು ಹತ್ತಿರ ಹೋದೆ. ಅವ್ವ ಕಣ್ಣಿನಿಂದಲೇ ಸುಮ್ಮನಿರು ಎಂದು ಹೇಳಿ, ಅಲುಗಾಡದೆ ಕೂತೇ ಇದ್ದಳು.